ಸಂಪಾದಕರ ಉತ್ತರ: ಮಾತ್ರೆ ಇಡೋಕೂ ಒಂದು ಗೂಡು ಬೇಕಲ್ವಾ?

ಪ್ರಿಯ ಓದುಗರೇ,

ಕ್ಯಾಲಿಫೋರ್ನಿಯಾದ ಮಗಳ ಮನೆಯಿಂದ ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. ರೈಲು ನಿಲ್ದಾಣದ ಹೊರಗೆ ತನ್ನಷ್ಟಕ್ಕೇ ಮಾತಾಡಿಕೊಳ್ಳುವ, ಮನೆಯಿಲ್ಲದ ಒಬ್ಬರನ್ನು ದಿನಾ ನೋಡುತ್ತಿದ್ದಿರಿ. ಬೆಳಗ್ಗೆ ಎದ್ದು ಅವರು ಕಂಬಳಿಯನ್ನು ಅಂಚಿಗೆ ಅಂಚು ಸೇರಿಸಿ ಮಡಚುತ್ತಿದ್ದರಂತೆ. ಕೊನೆಗೆ ಕೇಳಿದ್ದೀರಿ: "ಇಂಥವರಿಗೆ ಮೊದಲು ಚಿಕಿತ್ಸೆ ಕೊಡಲಿ. ಚಟ ಬಿಟ್ಟಮೇಲೆ ಮನೆ ಕೊಡಲಿ. ಜನರ ತೆರಿಗೆ ದುಡ್ಡು ಪೋಲಾಗಬಾರದು ಅಲ್ವಾ?"

ಪೋಲಾಗಬಾರದು, ಒಪ್ಪಿದೆ. ಮನೆ ಸಿಕ್ಕ ಮಾತ್ರಕ್ಕೆ ಮನಸ್ಸಿನ ಕಾಯಿಲೆ ವಾಸಿಯಾಗಲ್ಲ, ಕುಡಿತ ಬಿಡಲ್ಲ ಅನ್ನೋದೂ ನಿಜ. ಆದರೆ ಚಿಕಿತ್ಸೆಯನ್ನು ಎಲ್ಲಿ ಕೊಡೋಣ, ಹೇಳಿ?

ಅಮೆರಿಕದ ಒಂದು ಊರಲ್ಲಿ ನರ್ಸ್ ಆಗಿರುವ ನನ್ನ ಗೆಳತಿ ಹೇಳಿದ್ದು ಇದು. ಒಬ್ಬ ಹುಡುಗನಿಗೆ ಆಸ್ಪತ್ರೆಯಲ್ಲಿ ಗುಣ ಕಾಣಿಸಿತ್ತು. ತಿಂಗಳ ಮಾತ್ರೆ ಕೊಟ್ಟು ಕಳಿಸಿದರು. ವಾರದೊಳಗೆ ಅವನು ಮಲಗುತ್ತಿದ್ದ ಫುಟ್‌ಪಾತನ್ನು ಊರಿನ ಆಡಳಿತ ಖಾಲಿ ಮಾಡಿಸಿತು. ಟೆಂಟ್ ಜೊತೆ ಅವನ ಚೀಲವೂ ಲಾರಿ ಸೇರಿತು, ಮಾತ್ರೆ ಅದರೊಳಗಿತ್ತು. ಅವನು ಮತ್ತೆ ಎಮರ್ಜೆನ್ಸಿಗೆ ಬಂದ. ಆ ದೇಶದ ಬಡವರ ಆರೋಗ್ಯ ಯೋಜನೆ ಮೆಡಿಕೇಡ್, ಆಸ್ಪತ್ರೆಯ ಬಿಲ್ ಮತ್ತೆ ಮತ್ತೆ ಕಟ್ಟುತ್ತೆ. ಬಾಡಿಗೆಯನ್ನು ಸಾಮಾನ್ಯವಾಗಿ ಕಟ್ಟಲ್ಲ. ಪೋಲಾಗುವ ದುಡ್ಡು ಯಾವುದು ಅಂತ ನೀವೇ ಯೋಚಿಸಿ.

1992ರಲ್ಲಿ ನ್ಯೂಯಾರ್ಕಿನಲ್ಲಿ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞ ಕ್ರಮವನ್ನೇ ತಿರುಗಿಸಿದರು. ಮೊದಲು ಕೀಲಿಕೈ ಕೊಟ್ಟರು. ಡಾಕ್ಟರು, ನೆರವಿನ ಕಾರ್ಯಕರ್ತರು ಆ ಮನೆ ಬಾಗಿಲಿಗೇ ಹೋದರು. ಚಟ ಬಿಡಬೇಕು, ಚಿಕಿತ್ಸೆ ತಗೋಬೇಕು ಅನ್ನೋ ಷರತ್ತು ಹಾಕಲಿಲ್ಲ. 2009ರಿಂದ 2013ರವರೆಗೆ ಕೆನಡಾ ಇದನ್ನೇ 5 ನಗರಗಳಲ್ಲಿ, 2,000ಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷಿಸಿತು. ಯಾರಿಗೆ ಮನೆ, ಯಾರಿಗೆ ಮಾಮೂಲಿ ಸೇವೆ ಅಂತ ಚೀಟಿ ಎತ್ತಿದ ಹಾಗೆ ಹಂಚಿದ್ದರು. ಕೊನೆಯ 6 ತಿಂಗಳು ಪೂರ್ತಿ ಸೂರಿನ ಕೆಳಗೇ ಇದ್ದವರು ಮೊದಲ ಗುಂಪಿನಲ್ಲಿ 62%, ಎರಡನೆಯದರಲ್ಲಿ 31%. ಇವರೂ ಸ್ಕಿಜೋಫ್ರೇನಿಯಾ (ಭ್ರಮೆ ಕಾಡುವ ಕಾಯಿಲೆ), ಡಿಪ್ರೆಶನ್‌ನಂಥ ಮನಸ್ಸಿನ ಕಾಯಿಲೆ ಇದ್ದವರೇ, ಹಲವರಿಗೆ ಚಟವೂ ಇತ್ತು. "ಮನೆ ಕೊಟ್ಟರೂ ಅವರು ನಿಲ್ಲಲ್ಲ" ಅಂತ ಬರೆದಿದ್ದೀರಲ್ಲ, ಅದಕ್ಕೇ ಈ ಲೆಕ್ಕ ಹೇಳಿದೆ.

ಇವರೆಲ್ಲ ಬೀದಿಗೆ ಬಂದದ್ದಾದರೂ ಹೇಗೆ? 1955ರಲ್ಲಿ ಅಮೆರಿಕದ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಸುಮಾರು 5.6 ಲಕ್ಷ ಜನ ಇದ್ದರು. 1963ರಲ್ಲಿ ಅಧ್ಯಕ್ಷ ಕೆನಡಿ ಒಂದು ಕಾನೂನಿಗೆ ಸಹಿ ಹಾಕಿದರು: ದೊಡ್ಡ ಆಸ್ಪತ್ರೆ ಬೇಡ, ಊರೂರಲ್ಲಿ ಚಿಕಿತ್ಸಾ ಕೇಂದ್ರ ಇರಲಿ ಅಂತ. ಒಳ್ಳೆಯ ಯೋಚನೆಯೇ. ಆದರೆ ಆಸ್ಪತ್ರೆಗಳು ಖಾಲಿಯಾದಷ್ಟು ಬೇಗ ಕೇಂದ್ರಗಳು ಏಳಲಿಲ್ಲ. ಅಗ್ಗದ ಬಾಡಿಗೆ ಕೋಣೆಗಳೂ ಒಂದೊಂದಾಗಿ ಮಾಯವಾದವು. ಕಾಯಿಲೆ ಹಳೆಯದೇ, ಇರೋಕೆ ಜಾಗ ಇಲ್ಲದಂತಾಯಿತು.

ನೀವಿದ್ದ ಕ್ಯಾಲಿಫೋರ್ನಿಯಾದ ಮತದಾರರು 2024ರ ಮಾರ್ಚ್‌ನಲ್ಲಿ ಸರ್ಕಾರ 638 ಕೋಟಿ ಡಾಲರ್ ಸಾಲ ಎತ್ತುವುದಕ್ಕೆ ಕೂದಲೆಳೆಯ ಅಂತರದಲ್ಲಿ ಹೂಂ ಅಂದರು. ಹೆಚ್ಚಿನ ಪಾಲು ಚಿಕಿತ್ಸೆಯ ಹಾಸಿಗೆಗಳಿಗೆ, ಸುಮಾರು 200 ಕೋಟಿ ಡಾಲರ್ ಮನೆಗಳಿಗೆ. 10 ಲಕ್ಷ ಡಾಲರ್ ಮೀರಿದ ಆದಾಯದ ಮೇಲಿನ 1% ಮಾನಸಿಕ ಆರೋಗ್ಯ ತೆರಿಗೆಯಲ್ಲೂ ಕೌಂಟಿಗಳ (ಅಲ್ಲಿನ ಜಿಲ್ಲೆಗಳ) ಪಾಲಿನ 30% ವಸತಿಗೆ ಮೀಸಲು. ನನಗೆ ಖುಷಿಯಾಯಿತು. ಆದರೆ 2025ರ ಜುಲೈನಲ್ಲಿ ವಾಷಿಂಗ್ಟನ್ನಿನ ಆದೇಶ ಬಂತು, ಷರತ್ತಿಲ್ಲದೆ ಮನೆ ಕೊಡುವ ನೀತಿಗೆ ಬೆಂಬಲ ನಿಲ್ಲಿಸಿ ಅಂತ.

ನನಗೆ ಸಿಟ್ಟು ಬರೋದು ಇಲ್ಲೇ. ಅದೇ ದೇಶದಲ್ಲಿ 7.5 ಲಕ್ಷ ಡಾಲರ್‌ವರೆಗಿನ ಗೃಹಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಇದೆ. ಅದೂ ಜನರ ದುಡ್ಡೇ ತಾನೇ? ಆ ಮನೆಯವರು ರಾತ್ರಿ ಕುಡೀತಾರಾ, ಮಾತ್ರೆ ಸರಿಯಾಗಿ ತಗೋತಾರಾ ಅಂತ ಯಾರೂ ಕೇಳಲ್ಲ. ಗುಣವಾಗಿ ತೋರಿಸು, ಆಮೇಲೆ ಬಾಗಿಲು ತೆಗೀತೀವಿ ಅನ್ನೋದು ಏನೂ ಇಲ್ಲದವರಿಗೆ ಮಾತ್ರ.

ನೀವು ಕಲ್ಲುಮನಸ್ಸಿನವರಲ್ಲ. ಆಗಿದ್ದರೆ ಕಂಬಳಿ ಮಡಚುವುದು ನಿಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ. ಮಗಳನ್ನು ಒಮ್ಮೆ ವಿಚಾರಿಸಿ, ಅವರು ಇನ್ನೂ ಅಲ್ಲೇ ಇದ್ದಾರಾ ಅಂತ.