ಡಿ ಡ್ರೈವ್ ಓದಲು ಸಿಗುತ್ತದೆ, ಬರೆಯಲು ಬಿಡುವುದಿಲ್ಲ

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11 ಮತ್ತು ಉಬುಂಟು (ಲಿನಕ್ಸಿನ ಒಂದು ರೂಪ) ಎರಡೂ ಇವೆ. ಪಾಠದ ಟಿಪ್ಪಣಿಗಳೆಲ್ಲ ವಿಂಡೋಸಿನ ಡಿ ಡ್ರೈವಿನಲ್ಲಿವೆ. ಉಬುಂಟುವಿನಲ್ಲಿ ಅವನ್ನು ತೆರೆದು ಓದಬಹುದು; ತಿದ್ದಿ ಸೇವ್ ಮಾಡಲು ಹೋದರೆ ‘ರೀಡ್ ಓನ್ಲಿ’ ಎಂಬ ಸಂದೇಶ ಬರುತ್ತದೆ. ಡ್ರೈವನ್ನು ಒತ್ತಾಯದಿಂದ ಮೌಂಟ್ ಮಾಡುವ, ಅಂದರೆ ಬಳಕೆಗೆ ಜೋಡಿಸುವ, ಕಮಾಂಡ್ ಒಂದನ್ನು ಸ್ನೇಹಿತರು ಬರೆದುಕೊಟ್ಟಿದ್ದಾರೆ. ಬಳಸಬಹುದೆ? ಜೊತೆಗೆ, ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಕನ್ನಡ ಕಡತಗಳು ಅಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ. ಅವು ಕೆಟ್ಟುಹೋಗಿವೆಯೆ?
– ಒಬ್ಬ ಅಧ್ಯಾಪಕರು, ತುಮಕೂರು

ಉತ್ತರ: ಆ ಕಮಾಂಡನ್ನು ದಯವಿಟ್ಟು ಬಳಸಬೇಡಿ. ವಿಂಡೋಸಿನ ಎನ್‌ಟಿಎಫ್‌ಎಸ್ (ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಕ್ರಮ) ವಿಭಾಗಗಳಲ್ಲಿ ಬರೆಯಲು ಲಿನಕ್ಸಿಗೆ ಬರುವುದಿಲ್ಲ ಎಂಬ ಮಾತು ಬಹಳ ಹಳೆಯದು. ಎನ್‌ಟಿಎಫ್‌ಎಸ್-3ಜಿ ಎಂಬ ತಂತ್ರಾಂಶ 2007ರಿಂದಲೇ ಈ ಕೆಲಸ ಮಾಡುತ್ತಿದೆ. 2021ರಲ್ಲಿ ಬಂದ ಲಿನಕ್ಸಿನ ತಿರುಳಾದ ಕರ್ನಲ್‌ನ 5.15ನೇ ಆವೃತ್ತಿಯಲ್ಲಿ ಎನ್‌ಟಿಎಫ್‌ಎಸ್3 ಎಂಬ ಡ್ರೈವರ್ ಕರ್ನಲ್ಲಿನೊಳಗೇ ಸೇರಿತು. ಹಾಗಿದ್ದೂ ನಿಮ್ಮನ್ನು ತಡೆಯುತ್ತಿರುವುದಕ್ಕೆ ಹೆಚ್ಚಾಗಿ ಕಾರಣ, ವಿಂಡೋಸ್ ನಿಜವಾಗಿ ಮುಚ್ಚಿಕೊಂಡಿಲ್ಲದಿರುವುದು.

ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡು ಇದೆ. ನೀವು ಶಟ್‌ಡೌನ್ ಒತ್ತಿದಾಗ ತೆರೆದಿದ್ದ ತಂತ್ರಾಂಶಗಳು ಮುಚ್ಚುತ್ತವೆ, ಆದರೆ ಕರ್ನಲ್ಲಿನ ಸ್ಥಿತಿಯನ್ನು ವಿಂಡೋಸ್ ಸಿ ಡ್ರೈವಿನ ಒಂದು ಕಡತದಲ್ಲಿ ಉಳಿಸಿಟ್ಟುಕೊಂಡು, ಮರುದಿನ ಅಲ್ಲಿಂದಲೇ ಮುಂದುವರಿಯುತ್ತದೆ. ಡಿ ಡ್ರೈವಿನಲ್ಲಿ ಯಾವ ಕಡತ ಎಲ್ಲಿದೆ ಎಂಬ ನೆನಪೂ ಅದರಲ್ಲಿ ಸೇರಿರುತ್ತದೆ. ಹೀಗೆ ಊಹಿಸಿಕೊಳ್ಳಿ: ಹಾಜರಿ ಪುಸ್ತಕದ ಪುಟವನ್ನು ಒಬ್ಬರು ನಕಲು ಮಾಡಿಕೊಂಡು ಮನೆಗೆ ಹೋಗಿದ್ದಾರೆ. ಈ ನಡುವೆ ನೀವು ಮೂಲ ಪುಟವನ್ನು ತಿದ್ದುತ್ತೀರಿ. ಬೆಳಿಗ್ಗೆ ಬಂದವರು ತಮ್ಮ ಹಳೆಯ ನಕಲನ್ನೇ ಅದರ ಮೇಲೆ ಅಂಟಿಸುತ್ತಾರೆ. ಒತ್ತಾಯದಿಂದ ಮೌಂಟ್ ಮಾಡಿದರೆ ನಿಮ್ಮ ಟಿಪ್ಪಣಿಗಳಿಗೆ ಆಗಬಹುದಾದದ್ದು ಇದೇ. ಉಬುಂಟು ಹಟ ಮಾಡುತ್ತಿಲ್ಲ, ನಿಮ್ಮ ಕಡತಗಳನ್ನು ಕಾಯುತ್ತಿದೆ.

ತಕ್ಷಣದ ಉಪಾಯ ಸುಲಭ: ವಿಂಡೋಸಿನಲ್ಲಿ ಶಟ್‌ಡೌನ್ ಬದಲು ರೀಸ್ಟಾರ್ಟ್ ಒತ್ತಿ, ಕಂಪ್ಯೂಟರ್ ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ ಉಬುಂಟು ಆರಿಸಿಕೊಳ್ಳಿ. ರೀಸ್ಟಾರ್ಟ್ ಮಾಡಿದಾಗ ವಿಂಡೋಸ್ ಪೂರ್ಣವಾಗಿ ಮುಚ್ಚಿಕೊಳ್ಳುತ್ತದೆ, ಹೆಸರು ನೋಡಿದರೆ ತಿರುಗುಮುರುಗು ಎನಿಸಿದರೂ ಸಂಗತಿ ಹಾಗೆಯೇ. ಶಾಶ್ವತವಾಗಿ ಸರಿಪಡಿಸಲು ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಪವರ್ ಬಟನ್‌ಗಳ ಪುಟಕ್ಕೆ ಹೋಗಿ, ಮೇಲ್ಭಾಗದ ಕೊಂಡಿಯನ್ನು ಒತ್ತಿ, ‘ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್’ ಎದುರಿನ ಗುರುತನ್ನು ತೆಗೆಯಿರಿ. ಇದರಿಂದ ವಿಂಡೋಸ್ ಏಳುವುದು ಸ್ವಲ್ಪ ನಿಧಾನವಾಗುತ್ತದೆ. ಎಸ್‌ಎಸ್‌ಡಿ ಇದ್ದರೆ ಅದು ಅಷ್ಟಾಗಿ ಗಮನಕ್ಕೆ ಬರಲಾರದು. ಆಮೇಲೂ ಬರೆಯಲಾಗದಿದ್ದರೆ ಡಿಸ್ಕಿನಲ್ಲಿ ದೋಷ ಇರಬಹುದು. ಆಗ ವಿಂಡೋಸಿಗೇ ಮರಳಿ, ಡ್ರೈವಿನ ಪ್ರಾಪರ್ಟೀಸ್‌ನಲ್ಲಿರುವ ಟೂಲ್ಸ್‌ನಿಂದ ಪರೀಕ್ಷೆ ಮಾಡಿಸಿ. ಲಿನಕ್ಸಿನ ಎನ್‌ಟಿಎಫ್‌ಎಸ್‌ಫಿಕ್ಸ್ ಸಣ್ಣಪುಟ್ಟ ಗೊಂದಲಗಳನ್ನಷ್ಟೇ ನಿವಾರಿಸುತ್ತದೆ, ವಿಂಡೋಸಿನ ಚೆಕ್‌ಡಿಸ್ಕ್‌ಗೆ ಅದು ಬದಲಿಯಲ್ಲ.

ಡ್ರೈವ್ ತೆರೆಯುವಾಗ ಬಿಟ್‌ಲಾಕರ್ (ಡ್ರೈವಿಗೆ ಬೀಗ ಹಾಕುವ ವಿಂಡೋಸಿನ ಏರ್ಪಾಡು) ಕೀ ಕೇಳಿದರೆ, ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರಬಹುದಾದ 48 ಅಂಕಿಗಳ ರಿಕವರಿ ಕೀ. ಅದನ್ನು ಕಾಗದದ ಮೇಲೂ ಬರೆದಿಟ್ಟುಕೊಳ್ಳಿ.

ಪ್ರತಿ ಸಲ ಡ್ರೈವಿನ ಮೇಲೆ ಕ್ಲಿಕ್ ಮಾಡುವ ತೊಂದರೆ ತಪ್ಪಬೇಕಾದರೆ ಉಬುಂಟುವಿನ ‘ಡಿಸ್ಕ್ಸ್’ ತಂತ್ರಾಂಶದಲ್ಲಿ ಆ ವಿಭಾಗದ ಮೌಂಟ್ ಆಯ್ಕೆಗಳನ್ನು ತೆರೆದು, ಕಂಪ್ಯೂಟರ್ ಶುರುವಾದಾಗಲೇ ಮೌಂಟ್ ಆಗುವಂತೆ ಗುರುತು ಹಾಕಿ. ಅಲ್ಲಿಯೇ ‘ನೋಫೇಲ್’ ಎಂಬ ಪದ ಇರಲಿ. ಇಲ್ಲದಿದ್ದರೆ ಮುಂದೊಂದು ದಿನ ಆ ಡ್ರೈವ್ ಸಿಗದೆ ಹೋದಾಗ ಇಡೀ ಉಬುಂಟುವೇ ಶುರುವಾಗದೆ ನಿಲ್ಲಬಹುದು. ಕಡತಗಳ ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆ (?), ವಿವರಣ ಚಿಹ್ನೆ (:) ಬಳಸಬೇಡಿ. ಲಿನಕ್ಸಿನಲ್ಲಿ ಅವು ನಡೆಯುತ್ತವೆ, ವಿಂಡೋಸಿನಲ್ಲಿ ಆ ಕಡತ ತೆರೆಯುವುದಿಲ್ಲ.

ನುಡಿಯ ಕಡತಗಳು ಕೆಟ್ಟಿಲ್ಲ. ಹಳೆಯ ನುಡಿ ಫಾಂಟ್‌ಗಳಲ್ಲಿ ಕನ್ನಡದ ಆಕಾರಗಳನ್ನು ಲ್ಯಾಟಿನ್ ಅಕ್ಷರಗಳ ಸಂಕೇತಗಳ ಮೇಲೆ ಕೂರಿಸಲಾಗಿತ್ತು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಡಿಯ ಸಂಕೇತಗಳೇ ಹೊರಗೆ ಕಾಣುತ್ತವೆ. ಈಗ ಸಿ ಡ್ರೈವ್ ಉಬುಂಟುವಿನಲ್ಲಿ ತೆರೆಯುವುದರಿಂದ, ವಿಂಡೋಸ್ ಫೋಲ್ಡರಿನ ಫಾಂಟ್ಸ್‌ನಲ್ಲಿರುವ ನುಡಿ ಫಾಂಟನ್ನು ಹೋಮ್ ಫೋಲ್ಡರಿಗೆ ನಕಲಿಸಿ, ಅದರ ಮೇಲೆ ಎರಡು ಬಾರಿ ಕ್ಲಿಕ್ಕಿಸಿ ಇನ್‌ಸ್ಟಾಲ್ ಮಾಡಿ. ಲಿಬ್ರೆ ಆಫೀಸನ್ನು ಮುಚ್ಚಿ ತೆರೆದರೆ ಕನ್ನಡ ಮತ್ತೆ ಕಾಣುತ್ತದೆ.