ಬಸುರಿ ಮಗಳ ಲಿಥಿಯಂ ಮಾತ್ರೆ: ತಾಯಿಯೊಬ್ಬರಿಗೆ ಉತ್ತರ

ಹಾಸನ ಜಿಲ್ಲೆಯಿಂದ ಪತ್ರ ಬರೆದ ತಾಯಿಗೆ ನಮಸ್ಕಾರ.

ಬೇರೆ ಓದುಗರಿಗಾಗಿ ನಿಮ್ಮ ಪತ್ರದ ವಿಷಯ ಚುಟುಕಾಗಿ ಹೇಳುತ್ತೇನೆ. ಮಗಳಿಗೆ ಬೈಪೋಲಾರ್ ಕಾಯಿಲೆ, ಅಂದರೆ ಮನಸ್ಸು ಕೆಲವು ಕಾಲ ವಿಪರೀತ ಉತ್ಸಾಹಕ್ಕೂ ಕೆಲವು ಕಾಲ ಖಿನ್ನತೆಗೂ ಹೋಗುವ ಕಾಯಿಲೆ. ನಾಲ್ಕು ವರ್ಷದಿಂದ ಲಿಥಿಯಂ ಮಾತ್ರೆ ತಗೊಂಡು ಆರಾಮಾಗಿದ್ದಾಳೆ. ಈಗ ನಾಲ್ಕು ತಿಂಗಳು ತುಂಬಿದೆ. ‘ಆ ಮಾತ್ರೆಯಿಂದ ಮಗುವಿನ ಹೃದಯ ಕೆಡುತ್ತೆ, ಇವತ್ತೇ ನಿಲ್ಸಿ’ ಅಂತ ನಿಮ್ಮ ನಾದಿನಿ ಹೇಳಿದ್ದಾರೆ. ಅಳಿಯನಿಗೆ ಕಾಯಿಲೆ ವಿಷಯ ಗೊತ್ತು, ಬೀಗರಿಗೆ ಗೊತ್ತಿಲ್ಲ. ಬಾಣಂತನ ನಿಮ್ಮ ಮನೆಯಲ್ಲಿ. ಮಾತ್ರೆ ನಿಲ್ಲಿಸಲಾ, ಹಾಲು ಕುಡಿಸಬಹುದಾ, ಪಥ್ಯ ಹೇಗೆ ಅಂತ ಕೇಳಿದ್ದೀರಿ.

ಡೋಸ್ ಎಷ್ಟಿರಬೇಕು ಅನ್ನುವುದು ಡಾಕ್ಟರಿಗೆ ಬಿಟ್ಟದ್ದು. ಆದರೆ ನೀವಾಗಿ ನಿಲ್ಲಿಸಬೇಡಿ.

ನಾದಿನಿಯವರ ಮಾತು ಪೂರ್ತಿ ಸುಳ್ಳಲ್ಲ. ಆದರೆ ಹೆದರಿಕೆ ಜಾಸ್ತಿಯಾಯಿತು. 2017ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಬಂತು. ಲಿಥಿಯಂ ತಗೊಳ್ಳದ ತಾಯಂದಿರ 100 ಮಕ್ಕಳಲ್ಲಿ ಒಂದಕ್ಕೆ ಹೃದಯದ ದೋಷ ಕಂಡರೆ, ಮೊದಲ ಮೂರು ತಿಂಗಳಲ್ಲಿ ತಗೊಂಡವರಲ್ಲಿ ಅದು ಎರಡಕ್ಕಿಂತ ಸ್ವಲ್ಪ ಜಾಸ್ತಿ. ಡೋಸ್ ಏರಿದಷ್ಟೂ ಅಪಾಯ ಏರುತ್ತದೆ. ಇನ್ನೊಂದು ವಿಷಯ, ಮಗುವಿನ ಹೃದಯ ರೂಪುಗೊಳ್ಳುವುದು ಮೊದಲ ಮೂರು ತಿಂಗಳಲ್ಲೇ. ನಿಮ್ಮ ಮಗಳು ಅದನ್ನು ದಾಟಿಯಾಗಿದೆ. ಈಗ ನಿಲ್ಲಿಸಿದರೆ ಆ ಅಪಾಯ ತಪ್ಪುವುದಿಲ್ಲ, ಕಾಯಿಲೆ ಮಾತ್ರ ಮರುಕಳಿಸಬಹುದು. ಅದೂ ದಿಢೀರ್ ಅಂತ ನಿಲ್ಲಿಸಿದರೆ ಆ ಸಾಧ್ಯತೆ ಜಾಸ್ತಿ. ಐದನೇ ತಿಂಗಳ ಸ್ಕ್ಯಾನಿಂಗ್ ಜೊತೆ ಮಗುವಿನ ಹೃದಯದ ಎಕೋ (ಹೃದಯವನ್ನೇ ನೋಡುವ ಸ್ಕ್ಯಾನಿಂಗ್) ಕೂಡ ಮಾಡಿಸಬೇಕಾ ಅಂತ ಕೇಳಿ.

(ಇದೇ ಕಾಯಿಲೆಗೆ ಕೊಡುವ ವಾಲ್ಪ್ರೋಯೇಟ್ ಮಾತ್ರೆಯ ಕಥೆ ಬೇರೆ. ಮಗುವಿನ ಬೆನ್ನುಹುರಿಗೂ ಬುದ್ಧಿಬೆಳವಣಿಗೆಗೂ ಅದರಿಂದ ನಿಜವಾಗಿ ದೊಡ್ಡ ಅಪಾಯವಿದೆ. ಅದನ್ನು ತಗೊಳ್ಳುತ್ತಿರುವ ಹೆಣ್ಣುಮಕ್ಕಳು ಬಸುರಿಯಾಗುವ ಮೊದಲೇ ಡಾಕ್ಟರ ಜೊತೆ ಮಾತಾಡಬೇಕು. ಆಗಲೇ ಬಸುರಿಯಾಗಿದ್ದರೆ ತಡಮಾಡದೆ ಹೋಗಿ ಕಾಣಬೇಕು. ಅಲ್ಲಿಯವರೆಗೆ ಅದನ್ನೂ ತಾವಾಗಿ ಬಿಡಬಾರದು.)

ಬಸುರಿಯಲ್ಲಿ ಕಿಡ್ನಿ ಜೋರಾಗಿ ಕೆಲಸ ಮಾಡುತ್ತದೆ. ಲಿಥಿಯಂ ಬೇಗ ಬೇಗ ಹೊರಗೆ ಹೋಗುತ್ತದೆ. ಅದಕ್ಕೇ ತಿಂಗಳಿಗೊಮ್ಮೆ, ಕೊನೆಯ ತಿಂಗಳಲ್ಲಿ ವಾರಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸುತ್ತಾರೆ. ರಾತ್ರಿ 9ಕ್ಕೆ ಮಾತ್ರೆ ನುಂಗಿದರೆ ಬೆಳಗ್ಗೆ 9ಕ್ಕೆ ರಕ್ತ ಕೊಡಬೇಕು. ಬೆಳಗಿನ ಮಾತ್ರೆಯಿದ್ದರೆ ರಕ್ತ ಕೊಟ್ಟಮೇಲೆ. ಸುಮಾರು 12 ಗಂಟೆ ಅಂತರ ಇಲ್ಲದಿದ್ದರೆ ರಿಪೋರ್ಟು ದಾರಿ ತಪ್ಪಿಸುತ್ತದೆ. ಹೆರಿಗೆಯಾದ ಮೇಲೆ ಕಿಡ್ನಿ ಮೊದಲಿನಂತಾಗುತ್ತದೆ. ನಡುವೆ ಡೋಸ್ ಏರಿಸಿದ್ದರೆ ಆಗ ತಕ್ಷಣ ಇಳಿಸಬೇಕು.

ನಿಮ್ಮ ವಿಷಯದಲ್ಲಿ ನನಗೆ ದಿಗಿಲಾಗಿರುವುದು ಇಲ್ಲೇ. ಮಾನಸಿಕ ರೋಗದ ಡಾಕ್ಟರು ಮಗಳ ಗಂಡನ ಊರಲ್ಲಿ, ಹೆರಿಗೆ ಡಾಕ್ಟರು ನಿಮ್ಮ ಊರಲ್ಲಿ. ತಾಯಿ ಕಾರ್ಡಿನಲ್ಲಿ ಲಿಥಿಯಂ ಹೆಸರೇ ಬರೆಸಿಲ್ಲ ಅಂದಿರಿ. ನಾಳೆ ಸಿಸೇರಿಯನ್ ಆಯಿತು ಅಂದುಕೊಳ್ಳಿ. ನೋವಿಗೆ ಡೈಕ್ಲೋಫೆನಾಕ್ ಕೊಡುವುದು ಮಾಮೂಲು. ಅದೂ ಐಬುಪ್ರೊಫೆನ್ನೂ ರಕ್ತದಲ್ಲಿ ಲಿಥಿಯಂ ಏರಿಸುತ್ತವೆ. ಗೊತ್ತಿದ್ದರೆ ಬೇರೆ ಮಾತ್ರೆ ಕೊಡುತ್ತಾರೆ. ಬೀಗರಿಗೆ ಯಾವಾಗ ಹೇಳುವುದು ಅಂತ ಮಗಳು, ಅಳಿಯ ತೀರ್ಮಾನಿಸಲಿ. ಹೆರಿಗೆ ಡಾಕ್ಟರಿಗೆ ಮಾತ್ರ ಈ ವಾರವೇ ಹೇಳಿ. ಕಾರ್ಡಿನ ಮೇಲೆ ಬರೆಸಿ.

ಹಾಲಿನ ಪ್ರಶ್ನೆ. ಖಿನ್ನತೆಗೆ ಕೊಡುವ ಸರ್ಟ್ರಲೀನ್‌ನಂಥ ಮಾತ್ರೆ ಹಾಲಿಗೆ ಇಳಿಯುವುದು ತೀರಾ ಕಡಿಮೆ. ಅದನ್ನು ತಗೊಳ್ಳುವ ತಾಯಂದಿರು ಸಾಮಾನ್ಯವಾಗಿ ಧೈರ್ಯವಾಗಿ ಕುಡಿಸಬಹುದು. ಲಿಥಿಯಂ ಹಾಗಲ್ಲ, ಜಾಸ್ತಿ ಇಳಿಯುತ್ತದೆ. ಅನೇಕ ಡಾಕ್ಟರು ಬೇಡ ಅನ್ನುತ್ತಾರೆ. ಕೆಲವರು ಮಗುವಿನ ರಕ್ತಪರೀಕ್ಷೆ ಮಾಡಿಸುತ್ತಾ ಕುಡಿಸಲು ಒಪ್ಪುತ್ತಾರೆ. ಎಂಟನೇ ತಿಂಗಳೊಳಗೆ ಇದನ್ನು ನಿರ್ಧರಿಸಿಕೊಳ್ಳಿ. ಪುಡಿಹಾಲೇ ಗತಿ ಅಂತಾದರೆ ‘ಇವಳೆಂಥ ತಾಯಿ’ ಅಂತ ಯಾರೂ ಅನ್ನದ ಹಾಗೆ ನೀವೇ ನೋಡಿಕೊಳ್ಳಬೇಕು. ಅದರಲ್ಲೊಂದು ಅನುಕೂಲವೂ ಇದೆ: ರಾತ್ರಿ ನೀವೋ ಅಳಿಯನೋ ಮಗುವಿಗೆ ಕುಡಿಸಬಹುದು, ಅವಳು ಮಲಗಬಹುದು. ಬೈಪೋಲಾರ್ ಇದ್ದವರಿಗೆ ನಿದ್ದೆಗೆಡುವುದು ಸಣ್ಣ ವಿಷಯ ಅಲ್ಲ.

ಹೆರಿಗೆಯ ನಂತರದ ಎರಡು ವಾರ ಕಣ್ಣಿಟ್ಟಿರಿ. ಮಗು ಮಲಗಿದ್ದರೂ ಇವಳಿಗೆ ನಿದ್ದೆ ಬರುತ್ತಿಲ್ಲವಾ? ಮಾತು ಒಂದರ ಮೇಲೊಂದು ಓಡುತ್ತಿದೆಯಾ? ‘ಇದು ನನ್ನ ಮಗು ಅಲ್ಲ, ಬದಲಾಯಿಸಿದ್ದಾರೆ’ ಅನ್ನುತ್ತಿದ್ದಾಳಾ? ಬಾಣಂತಿ ಸನ್ನಿ ಅಂತಲೋ ಗಾಳಿ ಸೋಕಿದೆ ಅಂತಲೋ ದಾರ ಕಟ್ಟಿಸಿಕೊಂಡು ಕೂರಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಬೇಕು. ತಾಯಿ-ಮಗು ಇಬ್ಬರನ್ನೇ ಒಂಟಿಯಾಗಿ ಬಿಡಬಾರದು. ಇದು ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗು ಒಟ್ಟಿಗೇ ಇರುವ ವಾರ್ಡ್ ಇದೆ. ಮೂರು ವರ್ಷದೊಳಗಿನ ಮಗುವನ್ನು ದಾಖಲಾದ ತಾಯಿಯಿಂದ ಸಾಮಾನ್ಯವಾಗಿ ಬೇರೆ ಮಾಡಬಾರದು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಏನೂ ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ-ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ.

ಕೊನೆಗೆ ಪಥ್ಯ. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತೆ, ಶೀತ ಆಗುತ್ತೆ ಅಂತ ಲೋಟ ಎಣಿಸಿ ಕೊಡುವ ಪದ್ಧತಿ ನಮ್ಮಲ್ಲಿದೆ. ನಿಮ್ಮ ಮಗಳಿಗೆ ಅದು ಬೇಡವೇ ಬೇಡ. ನೀರು, ಉಪ್ಪು ಕಡಿಮೆಯಾದರೆ ಲಿಥಿಯಂ ದೇಹದಲ್ಲಿ ಉಳಿದು ವಿಷವಾಗುತ್ತದೆ. ಕೈ ಜೋರಾಗಿ ನಡುಗುವುದು, ವಾಂತಿ-ಭೇದಿ, ತೂರಾಡುವುದು, ಮಾತು ತೊದಲುವುದು ಕಂಡರೆ ಮುಂದಿನ ಮಾತ್ರೆ ಕೊಡದೆ ಸೀದಾ ಆಸ್ಪತ್ರೆಗೆ ಕರೆದೊಯ್ಯಿರಿ. ಅಂಟಿನುಂಡೆ ಕಟ್ಟಿ ಕೊಡಿ, ಬೆಳ್ಳುಳ್ಳಿ ಸಾರು ಮಾಡಿ, ಅದಕ್ಕೇನೂ ಅಡ್ಡಿಯಿಲ್ಲ. ಏನಿದೆಯೋ ಗೊತ್ತಿಲ್ಲದ ಬೇರು-ನಾರಿನ ಪುಡಿಯನ್ನು ಮಾತ್ರ ಡಾಕ್ಟರಿಗೆ ತೋರಿಸದೆ ಕೊಡಬೇಡಿ.

— ಸಂಪಾದಕ