ಸಂಪಾದಕರ ಉತ್ತರ: ‘ಸಿನಿಮಾದ ಬಾಲ’ ಎನಿಸಿಕೊಂಡ ಪುಸ್ತಕಗಳ ಪರವಾಗಿ

ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿ ಸಮೀಪದ ಪ್ರೌಢಶಾಲೆಯೊಂದರಲ್ಲಿ ಮೇಷ್ಟರಾಗಿರುವ ಓದುಗರೊಬ್ಬರು ನಮಗೆ ಮೂರು ಪುಟಗಳ ಪತ್ರ ಬರೆದಿದ್ದಾರೆ. ಹೆಸರು ಪ್ರಕಟಿಸಬಾರದೆಂದು ಕೋರಿರುವುದರಿಂದ ಅವರ ಮಾತಿನ ತಿರುಳನ್ನಷ್ಟೇ ಇಲ್ಲಿ ಕೊಡುತ್ತೇನೆ. ‘ಸ್ಟಾರ್ ವಾರ್ಸ್’ ಎಂಬ ಅಮೆರಿಕದ ಅಂತರಿಕ್ಷ ಸಾಹಸ ಚಿತ್ರಗಳ ಸುತ್ತ ಬೆಳೆದ ಕಾದಂಬರಿಗಳಿಗೂ ಕಾಮಿಕ್ಸ್‌ಗಳಿಗೂ ಕಳೆದ ಸಂಚಿಕೆಯಲ್ಲಿ ನಾವು ನಾಲ್ಕು ಪುಟ ಕೊಟ್ಟದ್ದು ಅವರಿಗೆ ಸರಿಕಂಡಿಲ್ಲ. ತಾವು ಆ ಚಿತ್ರಗಳ ಪರಮ ಅಭಿಮಾನಿಯೆಂದು ಹೇಳಿಕೊಂಡೇ ಅವರು ನಾಲ್ಕು ಆಕ್ಷೇಪಗಳನ್ನು ಎತ್ತಿದ್ದಾರೆ. ಸಿನಿಮಾ ಗೆದ್ದ ಮೇಲೆ ಕಾಸು ಮಾಡಿಕೊಳ್ಳಲು ಅಂಟಿಸಿದ ಬಾಲವೇ ಈ ಪುಸ್ತಕಗಳು. ಒಂದರಲ್ಲಿ ಸತ್ತವನು ಇನ್ನೊಂದರಲ್ಲಿ ಬದುಕಿರುತ್ತಾನೆ. ಹಕ್ಕುದಾರರೇ ೨೦೧೪ರಲ್ಲಿ ಇವುಗಳನ್ನು ಕೈಬಿಟ್ಟಿರುವಾಗ ನಮಗೇಕೆ ಇವುಗಳ ಮೇಲೆ ಮಮತೆ. ಕೊನೆಯದಾಗಿ, ನಮ್ಮೂರ ಪಕ್ಕದಲ್ಲೇ ನಿಜವಾದ ಅಂತರಿಕ್ಷ ನೌಕೆ ಇಳಿಯುತ್ತಿರುವಾಗ ಮಕ್ಕಳಿಗೆ ಕಾಗದದ ನೌಕೆಗಳನ್ನು ತೋರಿಸುವುದೇಕೆ.

ಮೇಷ್ಟ್ರೇ, ಒಪ್ಪಬೇಕಾದದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ. ಕತ್ತಲೆಯ ಟಾಕೀಸಿನಲ್ಲಿ ತಲೆಯ ಮೇಲಿಂದಲೇ ಹಾದುಹೋದಂತೆ ಆ ದೈತ್ಯ ನೌಕೆ ಪರದೆಯನ್ನು ತುಂಬುವಾಗ, ಜಾನ್ ವಿಲಿಯಮ್ಸ್ ಅವರ ಸಂಗೀತ ಎದೆಗೆ ಬಡಿಯುವಾಗ ಆಗುವುದನ್ನು ಯಾವ ಪುಸ್ತಕವೂ ಮಾಡಲಾರದು. ಈ ಬಗೆಯ ಪುಸ್ತಕಗಳಲ್ಲಿ ಆತುರದಲ್ಲಿ ಬರೆದ ಜಳ್ಳು ಬೇಕಾದಷ್ಟಿದೆ ಎಂಬುದೂ ನಿಜ. ಆದರೆ ನಿಮ್ಮ ಉಳಿದ ಮಾತುಗಳನ್ನು ನಾನು ಒಪ್ಪಲಾರೆ.

ಬಾಲವೆಂದಿರಿ. ಬಾಲ ದೇಹದ ಹಿಂದೆ ಬರಬೇಕು. ಮೊದಲ ‘ಸ್ಟಾರ್ ವಾರ್ಸ್’ ಚಿತ್ರ ಅಮೆರಿಕದಲ್ಲಿ ತೆರೆಕಂಡದ್ದು ೧೯೭೭ರ ಮೇ ೨೫ರಂದು. ಅದರ ಕಾದಂಬರಿ ೧೯೭೬ರ ಕೊನೆಯಲ್ಲೇ ಅಂಗಡಿಗೆ ಬಂದಿತ್ತು. ಮುಖಪುಟದಲ್ಲಿದ್ದದ್ದು ನಿರ್ದೇಶಕ ಜಾರ್ಜ್ ಲ್ಯೂಕಸ್ ಅವರ ಹೆಸರು. ಚಿತ್ರಕಥೆಯನ್ನು ಮುಂದಿಟ್ಟುಕೊಂಡು ಅದನ್ನು ಬರೆದವರು ಆಲನ್ ಡೀನ್ ಫಾಸ್ಟರ್ ಎಂಬ ಯುವ ಲೇಖಕರು. ಮಾರ್ವೆಲ್ ಸಂಸ್ಥೆಯ ಕಾಮಿಕ್ಸ್‌ನ ಮೊದಲ ಸಂಚಿಕೆ ಕೂಡ ಚಿತ್ರಕ್ಕಿಂತ ಮುಂಚೆ, ಏಪ್ರಿಲ್‌ನಲ್ಲೇ ಮಾರಾಟಕ್ಕೆ ಬಂತು. ಬರೆದವರು ರಾಯ್ ಥಾಮಸ್, ಚಿತ್ರಿಸಿದವರು ಹವರ್ಡ್ ಚೇಕಿನ್. ಚಿತ್ರ ಇನ್ನೂ ಪೂರ್ಣವಾಗಿರದಿದ್ದ ಕಾರಣ, ಮುಂದೆ ದೊಡ್ಡ ಗೊಂಡೆಹುಳುವಿನಂತೆ ತೆರೆಯ ಮೇಲೆ ಬಂದ ಜಬ್ಬಾ ಎಂಬ ಖಳನನ್ನು ಆ ಕಾಮಿಕ್ಸ್ ಎರಡು ಕಾಲಿನ, ಹಳದಿ ಮೈಯ ಪ್ರಾಣಿಯಾಗಿ ತೋರಿಸಿತು. ಅಂದರೆ ಚಿತ್ರವೇ ತನ್ನ ರೂಪವನ್ನು ಹುಡುಕಿಕೊಳ್ಳುತ್ತಿದ್ದ ಹೊತ್ತಿನಲ್ಲಿ ಆ ಕಲಾವಿದ ತನ್ನ ಕಲ್ಪನೆಯಿಂದ ಒಂದು ಲೋಕವನ್ನು ಕಟ್ಟುತ್ತಿದ್ದ. ಸಿನಿಮಾವನ್ನು ನೋಡಿ ನಕಲು ಮಾಡಿದ್ದರೆ ಹೀಗಾಗುತ್ತಿರಲಿಲ್ಲ. ಆ ಕಾಲದಲ್ಲಿ ಮಾರ್ವೆಲ್‌ನ ಸಂಪಾದಕರಾಗಿದ್ದ ಜಿಮ್ ಶೂಟರ್, ನಷ್ಟದಲ್ಲಿದ್ದ ತಮ್ಮ ಸಂಸ್ಥೆಯನ್ನು ಉಳಿಸಿದ್ದೇ ಈ ಕಾಮಿಕ್ಸ್ ಎಂದು ಮುಂದೆ ಹೇಳಿಕೊಂಡಿದ್ದಾರೆ. ಆ ಸರಣಿ ೧೯೮೬ರವರೆಗೆ ನಡೆದು ೧೦೭ ಸಂಚಿಕೆಗಳನ್ನು ಕಂಡಿತು.

೧೯೭೮ರಲ್ಲಿ ಫಾಸ್ಟರ್ ಅವರೇ ಬರೆದ ‘ಸ್ಪ್ಲಿಂಟರ್ ಆಫ್ ದ ಮೈಂಡ್ಸ್ ಐ’ ಎಂಬ ಕಾದಂಬರಿಯನ್ನು ನಾನು ಇವತ್ತಿಗೂ ತೆಗೆದು ಓದುತ್ತೇನೆ. ಮೊದಲ ಚಿತ್ರ ಹೇಳಿಕೊಳ್ಳುವಂತೆ ಓಡದಿದ್ದರೆ, ಕಡಿಮೆ ಖರ್ಚಿನಲ್ಲಿ ಎರಡನೆಯದನ್ನು ಮಾಡಲು ಒಂದು ಕಥೆ ಕೈಯಲ್ಲಿರಲೆಂದು ಬರೆಸಿದ ಪುಸ್ತಕವದು. ದೊಡ್ಡ ಸೆಟ್ಟುಗಳು ಬೇಡವೆಂದು ಇಡೀ ಕಥೆಯನ್ನು ಮಂಜು ಮುಸುಕಿದ ಗ್ರಹದ ಮೇಲೆ ನಡೆಸಲಾಗಿದೆ. ನಟ ಹ್ಯಾರಿಸನ್ ಫೋರ್ಡ್ ಮುಂದಿನ ಚಿತ್ರಕ್ಕೆ ಇನ್ನೂ ಒಪ್ಪಂದ ಮಾಡಿಕೊಂಡಿರಲಿಲ್ಲವಾದ್ದರಿಂದ ಅವರು ನಟಿಸಿದ ಹಾನ್ ಸೋಲೋ ಪಾತ್ರ ಅದರಲ್ಲಿ ಇಲ್ಲವೇ ಇಲ್ಲ. ಕಥಾನಾಯಕ ಲೂಕ್ ಮತ್ತು ರಾಜಕುಮಾರಿ ಲೇಯಾ ಅಣ್ಣತಂಗಿಯರೆಂದು ಆಗಿನ್ನೂ ಯಾರೂ ತೀರ್ಮಾನಿಸಿರಲಿಲ್ಲ. ಹಾಗಾಗಿ ಅವರಿಬ್ಬರ ನಡುವೆ ಒಂದು ಎಳೆಯ ಒಲವು ಸುಳಿಯುತ್ತದೆ. ಚಿತ್ರ ಗೆದ್ದಿತು, ೧೯೮೦ರಲ್ಲಿ ಬಂದ ಎರಡನೆಯ ಭಾಗ ಬೇರೆಯೇ ದಾರಿ ಹಿಡಿಯಿತು. ಆ ಕಥೆ ಹೋಗಬಹುದಾಗಿದ್ದ, ಹೋಗದೇ ಉಳಿದ ಹಾದಿ ಈ ಪುಸ್ತಕದಲ್ಲಿ ಮಾತ್ರ ಕಾಣಸಿಗುತ್ತದೆ. ಕಥೆ ಹೇಳುವ ಕಸುಬಿನ ಮೇಲೆ ಪ್ರೀತಿಯಿರುವ ಯಾರಿಗಾದರೂ ಇದು ಸಣ್ಣ ಸಂಗತಿಯೇ?

ಇದರ ಬಗ್ಗೆ ನನಗೆ ಇಷ್ಟು ಕಾಳಜಿಯೇಕೆ ಎಂಬುದಕ್ಕೆ ನನ್ನ ಬಾಲ್ಯದ ಒಂದು ಪ್ರಸಂಗವನ್ನು ಹೇಳಲೇಬೇಕು. ದಾವಣಗೆರೆ ಆಗ ಹತ್ತಿ ಗಿರಣಿಗಳ ಊರು. ಗಿರಣಿಯ ಸೈರನ್ ಕೇಳಿ ಊರು ಏಳುತ್ತಿತ್ತು, ಮಲಗುತ್ತಿತ್ತು. ಒಂದು ಭಾನುವಾರದ ಮಾರ್ನಿಂಗ್ ಶೋಗೆ ಸೋದರಮಾವ ನನ್ನನ್ನು ಒಂದು ಇಂಗ್ಲಿಷ್ ಅಂತರಿಕ್ಷ ಚಿತ್ರಕ್ಕೆ ಕರೆದುಕೊಂಡು ಹೋದರು. ಗಾಂಧಿ ಕ್ಲಾಸಿನಲ್ಲಿ ಕುಳಿತ ನಮಗೆ ಬೆಳಕು ಕಂಡಿತು, ಸ್ಫೋಟ ಕೇಳಿಸಿತು; ಯಾರು ಯಾರ ಮಗ, ಯಾರ ಮೇಲೆ ಯಾರಿಗೆ ಹಗೆ, ಆ ಮುದುಕ ಸಾಯುವ ಮುನ್ನ ಹೇಳಿದ್ದೇನು ಎಂಬುದೊಂದೂ ತಿಳಿಯಲಿಲ್ಲ. ಮಾವನಿಗೂ ತಿಳಿದಿರಲಿಲ್ಲ. ಅದೇ ವಾರ ಮಂಡಿಪೇಟೆಯ ರದ್ದಿ ಅಂಗಡಿಯಲ್ಲಿ ಹರಿದ ಇಂದ್ರಜಾಲ ಕಾಮಿಕ್ಸ್ ಒಂದು ಕೈಗೆ ಸಿಕ್ಕಿತು. ಅದರಲ್ಲಿ ಫ್ಲ್ಯಾಷ್ ಗಾರ್ಡನ್ ಕನ್ನಡದಲ್ಲಿ ಮಾತಾಡುತ್ತಿದ್ದ. ಖಳನೂ ಕನ್ನಡದಲ್ಲೇ ಬೆದರಿಸುತ್ತಿದ್ದ. ರಾಕೆಟ್ಟು ಏಕೆ ಹಾರಿತು, ಯಾರನ್ನು ಬಿಡಿಸಲು ಹಾರಿತು ಎಂದು ನನಗೆ ಆವತ್ತು ತಿಳಿಯಿತು. ೧೯೩೪ರಲ್ಲಿ ಅಲೆಕ್ಸ್ ರೇಮಂಡ್ ಎಂಬ ಕಲಾವಿದ ಅಮೆರಿಕದ ಪತ್ರಿಕೆಗಳಿಗಾಗಿ ಬರೆಯತೊಡಗಿದ ಆ ವೀರನ ಕಥೆಯಿಂದಲೇ ಲ್ಯೂಕಸ್ ಪ್ರೇರಣೆ ಪಡೆದರೆಂದೂ, ಮೊದಲು ಅದನ್ನೇ ಚಿತ್ರ ಮಾಡಬಯಸಿದ್ದ ಅವರಿಗೆ ಹಕ್ಕು ಸಿಗದೆ ತಮ್ಮದೇ ಲೋಕವನ್ನು ಕಟ್ಟಿಕೊಂಡರೆಂದೂ ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಕಾಮಿಕ್ಸ್ ಇಲ್ಲಿ ಬಾಲವಾಗಿರಲಿಲ್ಲ ಮೇಷ್ಟ್ರೇ, ಬೇರಾಗಿತ್ತು.

ನಮ್ಮ ನಾಡಿನಲ್ಲಿ ಈ ಮಾತಿಗೆ ಇನ್ನೊಂದು ತೂಕವಿದೆ. ಅರವತ್ತರ ದಶಕದಿಂದ ಕನ್ನಡದಲ್ಲಿ ಡಬ್ಬಿಂಗ್‌ಗೆ ಅಲಿಖಿತ ತಡೆ ಇತ್ತು. ಆಗಷ್ಟೇ ಕಾಲೂರುತ್ತಿದ್ದ ಚಿತ್ರರಂಗವನ್ನು ಕಾಪಾಡಲು ಹಿರಿಯರು ಅದನ್ನು ತಂದರು. ಆ ಕಾಲಕ್ಕೆ ಅವರಿಗೆ ಸಕಾರಣವಿತ್ತು. ಆದರೆ ಭಾರತೀಯ ಸ್ಪರ್ಧಾ ಆಯೋಗವು ೨೦೧೫ರಲ್ಲಿ ಆ ತಡೆಯ ವಿರುದ್ಧ ತೀರ್ಪು ಕೊಡುವವರೆಗೆ ಎರಡು ತಲೆಮಾರಿನ ಕನ್ನಡದ ಮಕ್ಕಳು ಅಂತರಿಕ್ಷ ಚಿತ್ರಗಳನ್ನು ಮೂಕಿ ಚಿತ್ರಗಳಂತೆ ನೋಡಿದರು. ಪಕ್ಕದ ಆಂಧ್ರದಲ್ಲಿ, ತಮಿಳುನಾಡಿನಲ್ಲಿ ಅವರ ವಯಸ್ಸಿನ ಮಕ್ಕಳಿಗೆ ತಮ್ಮ ಭಾಷೆಯಲ್ಲಿ ಕೇಳುವ ಅವಕಾಶವಾದರೂ ಇತ್ತು. ಪುಸ್ತಕಕ್ಕೆ ಮಾತ್ರ ಆ ತಡೆ ಇರಲಿಲ್ಲ. ಯಾವ ಮಂಡಳಿಯೂ ಕಾದಂಬರಿಯನ್ನು ಅನುವಾದಿಸಬೇಡಿ ಎಂದಿರಲಿಲ್ಲ. ಹಾಗಿದ್ದೂ ನಮ್ಮ ಪ್ರಕಾಶಕರು ಆ ತೆರೆದ ಬಾಗಿಲಿನತ್ತ ನೋಡಲಿಲ್ಲ. ‘ಸ್ಟಾರ್ ವಾರ್ಸ್’ ಕಾದಂಬರಿಯ ಕನ್ನಡ ಅನುವಾದವೊಂದು ಇಷ್ಟು ವರ್ಷಗಳಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಇದು ನನ್ನ ಹಳೆಯ ಕೊರಗು. ನಿಮ್ಮ ಪತ್ರ ಅದನ್ನು ಕೆದಕಿತು.

ಸತ್ತವನು ಬದುಕಿರುತ್ತಾನೆ ಎಂದಿರಿ. ನೀವು ಸೂಚಿಸುತ್ತಿರುವುದು ಹಾನ್ ಸೋಲೋನ ಜೊತೆಗಾರ ಚ್ಯೂಬಾಕನ ಸಾವನ್ನು ಎಂದು ಭಾವಿಸುತ್ತೇನೆ. ೧೯೯೯ರ ಕಾದಂಬರಿಯೊಂದರಲ್ಲಿ ಒಂದು ಚಂದ್ರನೇ ಕಳಚಿ ಬೀಳುವಾಗ ಅವನು ಗೆಳೆಯನ ಮಗನನ್ನು ಉಳಿಸಿ ತಾನು ಸಾಯುತ್ತಾನೆ. ೨೦೧೫ರ ಚಿತ್ರದಲ್ಲಿ ಏನೂ ಆಗದವನಂತೆ ನೌಕೆ ನಡೆಸುತ್ತಾನೆ. ಇದರಿಂದ ನಿಮಗೆ ಕಸಿವಿಸಿಯಾಗಿದೆ. ಆದರೆ ನೀವಿರುವ ಸೀಮೆಯಲ್ಲೇ ಕಾಡುಗೊಲ್ಲರ ಹಟ್ಟಿಗಳಲ್ಲಿ ಗಣೆಯೂದುತ್ತ ಜುಂಜಪ್ಪನ ಕಥೆಯನ್ನು ಇರುಳಿಡೀ ಹಾಡುವವರಿದ್ದಾರೆ. ಒಬ್ಬ ಹಾಡುಗಾರ ಹಿಗ್ಗಿಸಿದ ಪ್ರಸಂಗವನ್ನು ಇನ್ನೊಬ್ಬ ಎರಡು ಸೊಲ್ಲಿನಲ್ಲಿ ಮುಗಿಸುತ್ತಾನೆ, ಒಬ್ಬನಲ್ಲಿ ಇಲ್ಲದ್ದು ಇನ್ನೊಬ್ಬನಲ್ಲಿ ಇರುತ್ತದೆ. ಕೇಳಲು ಕೂತವರು ಯಾವುದು ಅಧಿಕೃತವೆಂದು ಎದ್ದು ಕೇಳುವುದಿಲ್ಲ. ಆ ರಾತ್ರಿ ಆ ಕಥೆ ನಿಜ. ಆ ಹಾಡುಗಾರಿಕೆಯ ನೆಲದಲ್ಲಿ ಪಾಠ ಹೇಳುವ ನೀವು ಅಮೆರಿಕದ ಕಥೆಯ ವಿಷಯಕ್ಕೆ ಬಂದಾಗ ಇದ್ದಕ್ಕಿದ್ದಂತೆ ಕಂದಾಯ ಇಲಾಖೆಯವರಂತೆ ಪಹಣಿ ಕೇಳುವುದು ಸರಿಯಲ್ಲ.

ಚಿತ್ರದುರ್ಗದವರಿಗೆ ಇನ್ನೂ ಹತ್ತಿರದ ನಿದರ್ಶನವಿದೆ. ತರಾಸು ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ ೧೯೭೨ರಲ್ಲಿ ‘ನಾಗರಹಾವು’ ಮಾಡಿದರು. ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರೆಂದು ತರಾಸು ನೊಂದು ನುಡಿದರೆಂಬುದು ಇಂದಿಗೂ ಜನಜನಿತ. ಚಿತ್ರ ನಾಡನ್ನೇ ಗೆದ್ದಿತು. ಕೋಟೆ ನೋಡಲು ಬಂದವರು ಈಗಲೂ ರಾಮಾಚಾರಿ ಹತ್ತಿದ ಬಂಡೆ ಯಾವುದೆಂದು ಕೇಳುತ್ತಾರೆ. ಹಾಗೆಂದು ದುರ್ಗದ ಓದುಗರು ಕಾದಂಬರಿಗಳನ್ನು ಅಟ್ಟಕ್ಕೆ ಎಸೆದರೇ? ಪುಸ್ತಕದ ರಾಮಾಚಾರಿಯೂ ತೆರೆಯ ರಾಮಾಚಾರಿಯೂ ಒಂದೇ ಊರಿನಲ್ಲಿ ಬಾಳುತ್ತಿದ್ದಾರೆ. ಅಲ್ಲಿ ಪುಸ್ತಕ ಮೊದಲು, ಚಿತ್ರ ಆಮೇಲೆ. ಇಲ್ಲಿ ಚಿತ್ರಕಥೆ ಮೊದಲು, ಪುಸ್ತಕ ಆಮೇಲೆ. ಆ ಹಿಂದುಮುಂದು ಒಂದನ್ನು ಸಾಹಿತ್ಯವನ್ನಾಗಿಯೂ ಮತ್ತೊಂದನ್ನು ಸರಕನ್ನಾಗಿಯೂ ಮಾಡುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ.

ಇನ್ನು ೨೦೧೪ರ ವಿಷಯ. ಡಿಸ್ನಿ ಸಂಸ್ಥೆ ೨೦೧೨ರಲ್ಲಿ ೪೦೦ ಕೋಟಿ ಡಾಲರ್‌ಗೂ ಹೆಚ್ಚು ಕೊಟ್ಟು ಲ್ಯೂಕಸ್‌ಫಿಲ್ಮ್ ಅನ್ನು ಕೊಂಡಿತು. ಎರಡು ವರ್ಷಗಳ ಬಳಿಕ, ಹೊಸ ಚಿತ್ರಗಳಿಗೆ ಹಾದಿ ತೆರವು ಮಾಡಲು, ಅಲ್ಲಿಯವರೆಗಿನ ಕಾದಂಬರಿಗಳೂ ಕಾಮಿಕ್ಸ್‌ಗಳೂ ಇನ್ನು ಮುಂದೆ ‘ದಂತಕಥೆ’ಗಳು, ಅಧಿಕೃತ ಕಥೆಯ ಭಾಗವಲ್ಲ ಎಂದು ಸಾರಲಾಯಿತು. ನೀವಿದನ್ನು ನ್ಯಾಯಾಲಯದ ತೀರ್ಪಿನಂತೆ ಉಲ್ಲೇಖಿಸಿದ್ದೀರಿ. ಅದಾದ ಮೇಲೆ ನಡೆದದ್ದನ್ನೂ ನೋಡಬೇಕಲ್ಲವೇ? ತಿಮೊಥಿ ಜಾನ್ ೧೯೯೧ರ ತಮ್ಮ ಕಾದಂಬರಿಯಲ್ಲಿ ನೀಲಿ ಮೈಯ, ಕೆಂಗಣ್ಣಿನ ಥ್ರಾನ್ ಎಂಬ ಸೇನಾಧಿಪತಿಯನ್ನು ಸೃಷ್ಟಿಸಿದ್ದರು. ಅವನು ಶತ್ರುಗಳ ಚಿತ್ರಕಲೆಯನ್ನು ಅಭ್ಯಾಸ ಮಾಡಿ ಅವರ ಮನಸ್ಸನ್ನು ಓದುವವನು, ಕೂಗಾಡದೆ ಗೆಲ್ಲುವವನು. ದಂತಕಥೆಯೆಂದು ಬದಿಗಿಟ್ಟ ಎರಡೇ ವರ್ಷಕ್ಕೆ, ೨೦೧೬ರಲ್ಲಿ, ಅದೇ ಸಂಸ್ಥೆ ಅವನನ್ನು ತನ್ನ ಆನಿಮೇಷನ್ ಸರಣಿಗೆ ಕರೆತಂದಿತು. ಅವನ ಕಥೆಯನ್ನು ಮತ್ತೆ ಬರೆಯಲು ಜಾನ್ ಅವರನ್ನೇ ಕೂರಿಸಿತು. ಇಡೀ ಗ್ರಹವೇ ಒಂದು ನಗರವಾಗಿರುವ ಆ ರಾಜಧಾನಿಗೆ ಕೊರುಸ್ಕಾಂಟ್ ಎಂದು ಹೆಸರಿಟ್ಟವರೂ ಜಾನ್ ಅವರೇ. ೧೯೯೯ರ ಚಿತ್ರ ಅದನ್ನು ಅಲ್ಲಿಂದ ಎತ್ತಿಕೊಂಡಿತು. ಕಾಮಿಕ್ಸ್‌ನ ಮುಖಪುಟದಲ್ಲಿ ಕಂಡ ಐಲಾ ಸೆಕ್ಯುರಾ ಎಂಬ ನೀಲವರ್ಣದ ಯೋಧೆ ಲ್ಯೂಕಸ್ ಅವರಿಗೆ ಎಷ್ಟು ಹಿಡಿಸಿದಳೆಂದರೆ ೨೦೦೨ರ ಚಿತ್ರದಲ್ಲಿ ಅವಳಿಗೆ ಜಾಗ ಸಿಕ್ಕಿತು. ಬತ್ತಿದ ಬಾವಿಯೆಂದು ಫಲಕ ಹಾಕಿ ರಾತ್ರಿ ಅಲ್ಲಿಂದಲೇ ನೀರು ಸೇದುವವರ ಮಾತನ್ನು ನೀವು ನಂಬಿದ್ದೀರಿ.

ಹಾಗೆ ನೀರು ತುಂಬಿಸಿದವರ ಗತಿ ಏನಾಯಿತೆಂಬುದು ನನ್ನನ್ನು ಹೆಚ್ಚು ನೋಯಿಸುತ್ತದೆ. ಮೊದಲ ಕಾದಂಬರಿಯನ್ನು ಹೆಸರಿಲ್ಲದೆ ಬರೆದ ಅದೇ ಫಾಸ್ಟರ್, ತಮ್ಮ ಪುಸ್ತಕಗಳು ಮಾರಾಟವಾಗುತ್ತಿದ್ದರೂ ರಾಯಧನ ಬರುತ್ತಿಲ್ಲವೆಂದು ೨೦೨೦ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಬಹಿರಂಗವಾಗಿ ದೂರಬೇಕಾಯಿತು. ಅಮೆರಿಕದ ವೈಜ್ಞಾನಿಕ ಕಥೆಗಾರರ ಸಂಘ ಅವರ ಬೆನ್ನಿಗೆ ನಿಂತಿತು. ಓದುಗರೇ ಈ ಬರಹಗಳನ್ನು ಬಾಲವೆಂದರೆ, ಲೆಕ್ಕ ಬರೆಯುವವರು ಅವಕ್ಕೆ ಯಾವ ಬೆಲೆ ಕಟ್ಟಿಯಾರು?

ಈ ತಾತ್ಸಾರ ಅಮೆರಿಕಕ್ಕೆ ಸೀಮಿತವಲ್ಲ. ಹದಿನೈದು ವರ್ಷಗಳ ಹಿಂದೆ ನಾನು ಕೂಡಿಟ್ಟ ಇಂದ್ರಜಾಲ ಕಾಮಿಕ್ಸ್‌ಗಳಲ್ಲಿ ಎರಡು ಪೆಟ್ಟಿಗೆಯಷ್ಟನ್ನು ನಮ್ಮ ಜಿಲ್ಲೆಯ ಒಂದು ಶಾಲೆಯ ಗ್ರಂಥಾಲಯಕ್ಕೆ ಕೊಟ್ಟೆ. ಮಕ್ಕಳು ಮುಟ್ಟಿ ಓದಲೆಂದು ಒಂದೊಂದಕ್ಕೂ ರಟ್ಟು ಕಟ್ಟಿಸಿದ್ದೆ. ಮರುವರ್ಷ ಹೋಗಿ ವಿಚಾರಿಸಿದಾಗ, ಪರೀಕ್ಷೆಗೆ ಉಪಯೋಗವಿಲ್ಲದ ಪುಸ್ತಕಗಳೆಂದು ತೂಕಕ್ಕೆ ಹಾಕಿದ್ದಾಗಿ ತಿಳಿಯಿತು. ರದ್ದಿ ಅಂಗಡಿಯಿಂದ ನನಗೆ ಬಂದದ್ದು ರದ್ದಿ ಅಂಗಡಿಗೇ ಹೋಯಿತು. ಕನ್ನಡದ ಮಕ್ಕಳು ಓದುವುದಿಲ್ಲವೆಂದು ಪ್ರತಿ ನವೆಂಬರಿನಲ್ಲಿ ಭಾಷಣ ಕೇಳುತ್ತೇವೆ. ಅವರು ಕದ್ದುಮುಚ್ಚಿಯಾದರೂ ಓದುವಂಥದ್ದನ್ನು ಕೊಟ್ಟಿದ್ದೇವೆಯೇ ಎಂದು ಆ ವೇದಿಕೆಗಳಲ್ಲಿ ಯಾರೂ ಕೇಳುವುದನ್ನು ನಾನು ಕಂಡಿಲ್ಲ.

ನಿಮ್ಮ ಕೊನೆಯ ಪ್ರಶ್ನೆ ನನಗೆ ಬಹಳ ಪ್ರಿಯವಾಯಿತು. ೨೦೨೩ರ ಏಪ್ರಿಲ್ ೨ರ ಬೆಳಿಗ್ಗೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರು ಇಸ್ರೋದ ರೆಕ್ಕೆಯ ನೌಕೆಯನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು; ಅದು ಚಾಲಕನಿಲ್ಲದೆ ತಾನೇ ದಾರಿ ಹಿಡಿದು ನಿಮ್ಮ ಕಡೆಯ ಪರೀಕ್ಷಾ ವಲಯದ ರನ್‌ವೇಗೆ ಇಳಿಯಿತು. ೨೦೨೪ರ ಮಾರ್ಚ್ ೨೨ರಂದೂ ಜೂನ್ ೨೩ರಂದೂ ಇಳಿಯಿತು. ಮೂರನೆಯ ಸಲ ಅದರ ವೇಗ ಗಂಟೆಗೆ ೩೨೦ ಕಿಲೋಮೀಟರ್ ಮೀರಿತ್ತು, ಹಿಂದಿನಿಂದ ಪ್ಯಾರಾಚೂಟು ಬಿಚ್ಚಿಕೊಂಡು ಅದನ್ನು ತಡೆಯಿತು. ಆ ನೌಕೆಗೆ ವಿಜ್ಞಾನಿಗಳು ಇಟ್ಟ ಹೆಸರೇನು? ಪುಷ್ಪಕ್. ಚಳ್ಳಕೆರೆಯ ಬಯಲಿಗೆ ಇಳಿದ ಯಂತ್ರಕ್ಕೂ ಅವರು ಕಥೆಯೊಳಗಿಂದಲೇ ಹೆಸರನ್ನು ಆರಿಸಿಕೊಂಡರು. ನಿಜವಾದ ನೌಕೆ ಬಂದಾಗ ಕಾಗದದ ನೌಕೆ ಬೇಡವಾಗುತ್ತದೆ ಎಂಬ ನಿಮ್ಮ ವಾದಕ್ಕೆ ನಿಮ್ಮೂರ ಪಕ್ಕದ ರನ್‌ವೇಯೇ ಉತ್ತರ ಕೊಟ್ಟಿದೆ. ಆ ಇಳಿತವನ್ನು ಚಿತ್ರಿಸಿದ ಕನ್ನಡದ ಕಾಮಿಕ್ಸ್ ಒಂದನ್ನೂ ನಾನು ಈವರೆಗೆ ನೋಡಿಲ್ಲ.

ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಒಂಬತ್ತನೆಯ ತರಗತಿಯ ಮಕ್ಕಳ ಕೈಯಲ್ಲಿ ಎಂಟು ಪುಟಗಳಷ್ಟು ಬರೆಸಿ, ಚಿತ್ರಿಸಿ ಕಳಿಸಿ. ಬೇಕಾದರೆ ಪುಷ್ಪಕ್‌ಗೆ ಒಬ್ಬ ಚಾಲಕಿಯನ್ನು ಕೂರಿಸಲಿ, ಅವಳು ನಾಯಕನಹಟ್ಟಿಯವಳಾಗಿರಲಿ, ಇಳಿಯುವ ಮುನ್ನ ಎರಡು ಗ್ರಹ ಸುತ್ತಿ ಬರಲಿ. ನಮ್ಮ ಪತ್ರಿಕೆಯಲ್ಲಿ ಅದನ್ನು ಅಚ್ಚು ಹಾಕುತ್ತೇವೆ, ಬರೆದ ಮಕ್ಕಳ ಹೆಸರು ಮೊದಲ ಪುಟದಲ್ಲೇ ಇರುತ್ತದೆ, ಗೌರವಧನವೂ ತಲುಪುತ್ತದೆ. ಮಂಜಿನ ಗ್ರಹದ ಆ ೧೯೭೮ರ ಕಾದಂಬರಿಯ ನನ್ನ ಪ್ರತಿಯನ್ನು ಈ ವಾರವೇ ನಿಮ್ಮ ಶಾಲೆಯ ವಿಳಾಸಕ್ಕೆ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಬೆನ್ನಿನ ಹೊಲಿಗೆ ಸಡಿಲವಾಗಿದೆ, ಅಗಲವಾಗಿ ಬಿಡಿಸಬೇಡಿ. ಓದಿ ಮುಗಿಸಿದ ಮೇಲೆ ಇನ್ನೊಂದು ಪತ್ರ ಬರೆಯಿರಿ.